ಗವಾಯಿಗಳ ಕರಿ ಮೂರು

ಪೇಟಿ ನನ್ನ ಅಂಗಡಿಗೆ ಬಂದದ್ದು ಒಂದು ಸೋಮವಾರ ಬೆಳಿಗ್ಗೆ, ಹಳೇ ಚಾದರ ಹೊದ್ದುಕೊಂಡು, ಜೀಪಿನ ಹಿಂದಿನ ಸೀಟಿನಲ್ಲಿ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ. ಶಹಾಪುರದ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ನಾನು ಪೇಟಿ ದುರಸ್ತಿ ಮಾಡುತ್ತೇನೆ. ತಂದವರು ಯಾದಗಿರಿಯ ಸ್ಮರಣೋತ್ಸವ ಸಮಿತಿಯ ಕಾರ್ಯದರ್ಶಿ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಎರಡು ಮೊಬೈಲು. ಒಂದರಲ್ಲಿ ಮಾತಾಡುತ್ತಲೇ ಇನ್ನೊಂದರಿಂದ ನನ್ನ ಅಂಗಡಿಯ ಫೋಟೋ ತೆಗೆದರು.

"ಮುಂದಿನ ಮಂಗಳವಾರ ಕಾರ್ಯಕ್ರಮ ಐತ್ರಿ. ಹೊಸಾ ಪೇಟಿ ಹಂಗ ಆಗ್ಬೇಕು. ಗವಾಯಿಗಳ ಪೇಟಿ ಇದು. ಏನರ ಹೆಚ್ಚು ಕಮ್ಮಿ ಆದ್ರ ಜನ ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ."

ಯಾವ ಗವಾಯಿಗಳು ಎಂದು ಕೇಳುವ ಅಗತ್ಯವಿರಲಿಲ್ಲ. ನಾರಾಯಣಪುರದಿಂದ ಗುರುಮಠಕಲ್ ತನಕ ಯಾವ ಊರಿನಲ್ಲಿ ಬೇಕಾದರೂ 'ಗವಾಯಿಗಳು' ಅಂದರೆ ಅವರೊಬ್ಬರೇ. ಸುರಪುರದವರು. ನಾಟಕ ಕಂಪನಿಯಲ್ಲಿ ಹಾಡಿ ಹೆಸರಾಗಿ, ಕಂಪನಿಗಳು ಮುಚ್ಚಿದ ಮೇಲೆ ತತ್ವಪದ ಹಾಡಿ ಇನ್ನಷ್ಟು ಹೆಸರಾದವರು. ತೀರಿಕೊಂಡು ಇನ್ನೇನು ಒಂದು ವರ್ಷ ತುಂಬುವುದಿತ್ತು. ಅವರ ಬಗ್ಗೆ ಜನ ಹೇಳುವ ಕಥೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕರಿ ಮೂರರ ಕಥೆ.

ಪೇಟಿಯ ಕರಿ ಪಟ್ಟಿಗಳಲ್ಲಿ ಮೂರನೆಯದನ್ನು ಷಡ್ಜ ಮಾಡಿಕೊಂಡು ಹಾಡಿದರೆ ಅದು ಕರಿ ಮೂರು. ಗಂಡಸಿನ ಕಂಠಕ್ಕೆ ಅದು ತೀರಾ ಎತ್ತರ. ಮೈಕಿಲ್ಲದ ಕಾಲದಲ್ಲಿ ಕೊನೇ ಸಾಲಿನವನಿಗೂ ಕೇಳಬೇಕೆಂದು ಕಂಪನಿಯವರು ಅಷ್ಟು ಎತ್ತರಕ್ಕೆ ಏರುತ್ತಿದ್ದರು. ವಯಸ್ಸಾದಂತೆ ಎಲ್ಲರೂ ಒಂದೊಂದೇ ಮನೆ, ಅಂದರೆ ಒಂದೊಂದೇ ಪಟ್ಟಿ, ಕೆಳಗಿಳಿಯುತ್ತಾರೆ, ಅದರಲ್ಲೇನೂ ನಾಚಿಕೆಯಿಲ್ಲ. ಗವಾಯಿಗಳು ಮಾತ್ರ ಇಳಿಯಲಿಲ್ಲ. 'ಕರಿ ಮೂರು ಬಿಟ್ಟ ದಿನ ಪೇಟಿ ಮುಚ್ಚುತ್ತೇನೆ' ಎಂದು ಒಮ್ಮೆ ತುಂಬಿದ ಸಭೆಯಲ್ಲಿ ಹೇಳಿಬಿಟ್ಟಿದ್ದರಂತೆ. ಎಂಬತ್ತರ ಹತ್ತಿರ ಹತ್ತಿರ ಬಂದರೂ ಅವರ ಹೆಬ್ಬೆರಳು ಆ ಕರಿ ಪಟ್ಟಿಯ ಮೇಲೇ ಇತ್ತು. ನಾನೇ ಕಣ್ಣಾರೆ ನೋಡಿದ್ದೇನೆ. ಅರವತ್ತಕ್ಕೇ ದನಿ ಹೋದ ನಮ್ಮ ಹಾಡುಗಾರರೆಲ್ಲ ಅವರ ಹೆಸರು ಬಂದರೆ ಭಕ್ತಿಯಿಂದ ಕಿವಿ ಮುಟ್ಟಿಕೊಳ್ಳುತ್ತಿದ್ದರು.

ಅವರ ಹಾಡಿಕೆಯ ಮನೆತನದಲ್ಲಿ ಒಂದು ಪದ್ಧತಿ ಇದೆ. ಗುರು ತೀರಿಕೊಂಡು ವರ್ಷ ತುಂಬಿದ ದಿನ ಶಿಷ್ಯನು ಗುರುವಿನ ಪೇಟಿಯ ಮೇಲೆ, ಗುರುವಿನ ಷಡ್ಜದಿಂದಲೇ ಒಂದು ಪದ ಪೂರ್ತಿ ಹಾಡಬೇಕು. ಹಾಡಿದರೆ ಪೇಟಿ ಅವನದು, ಹಾಡಿಕೆಯೂ ಅವನದು. ದನಿ ಒಡೆದರೆ ಪೇಟಿಯ ಬಾಯಿಗೆ ಬೀಗ. ಈ ಸಲ ಬೀಗ ಬಿದ್ದರೆ ಅದನ್ನಿಡಲು ಸಮಿತಿಯವರು ಗಾಜಿನ ಕಪಾಟನ್ನೂ ನೋಡಿಟ್ಟಿದ್ದರು.

ಅಂದೇ ಮಧ್ಯಾಹ್ನ ಪೇಟಿ ಬಿಚ್ಚಿದೆ. ಬಿಚ್ಚುವ ಮೊದಲು ಕರಿ ಮೂರನ್ನು ಒತ್ತಿ ಮೊಬೈಲಿನಲ್ಲಿ ಸುರ ನೋಡಿದೆ. ಈಗ ಅದಕ್ಕೊಂದು ಆ್ಯಪ್ ಇದೆ. ನನ್ನ ಕಿವಿಗೆ ಅದು ಬೇಡ, ಗಿರಾಕಿಗಳಿಗೆ ತೋರಿಸಲು ಬೇಕು. ಕರಿ ಮೂರು ಒತ್ತಿದರೆ ಅದು ಬಿಳಿ ಮೂರು ಎಂದು ತೋರಿಸಿತು. ಎರಡು ಮನೆ ಕೆಳಗೆ! ವರ್ಷಗಟ್ಟಲೆ ಯಾರೂ ನೋಡಿಲ್ಲ, ಸ್ವರ ಕುಸಿದುಹೋಗಿವೆ ಅಂದುಕೊಂಡೆ. ಅಲ್ಲಿಗೇ ನಿಲ್ಲಿಸಿದ್ದು ನನ್ನ ತಪ್ಪು. ಇನ್ನೊಂದು ಪಟ್ಟಿ ಒತ್ತಿ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪೇಟಿಯೊಳಗೆ ಸ್ವರಗಳು ಎರಡು ಸಾಲು. ಕೆಳಗಿನ ಗಡಸು ದನಿಯದು ಖರ್ಜದ ಸಾಲು, ಇನ್ನೊಂದು ಅದರ ಮೇಲಿನ ಸಪ್ತಕದ್ದು. ಪ್ರತಿ ಸ್ವರವೂ ಹಿತ್ತಾಳೆ ತಗಡಿನ ಮೇಲೆ ಕೂಡಿಸಿದ ಒಂದು ತೆಳು ನಾಲಗೆ. ಒಂದು ತುದಿ ಬಿಗಿದಿರುತ್ತದೆ, ಇನ್ನೊಂದು ಬಿಡಿಯಾಗಿರುತ್ತದೆ. ಬಿಡಿಯಾದ ತುದಿಯನ್ನು ಅರದಿಂದ ಉಜ್ಜಿದರೆ ಹಗುರಾಗಿ ಸುರ ಏರುತ್ತದೆ, ಬಿಗಿದ ಕಡೆ ಉಜ್ಜಿದರೆ ಇಳಿಯುತ್ತದೆ. ಈ ಕೆಲಸದ ಮುಕ್ಕಾಲು ಪಾಲು ಇಷ್ಟೇ, ಉಳಿದ ಕಾಲು ಪಾಲು ತಾಳ್ಮೆ. ನನ್ನಲ್ಲಿ ಮುಕ್ಕಾಲು ಪಾಲು ಚೆನ್ನಾಗಿದೆ.

ಖರ್ಜದ ಸಾಲು ಬಿಚ್ಚಿ ನೋಡುತ್ತೇನೆ, ಪ್ರತಿ ನಾಲಗೆಯ ತುದಿಯಲ್ಲೂ ತವರದ ಚುಕ್ಕಿ! ಸಾಸಿವೆ ಕಾಳಿಗಿಂತ ಸಣ್ಣವು, ಒಂದರ ಪಕ್ಕ ಒಂದು. ತುದಿಗೆ ಭಾರ ಬಿದ್ದರೆ ಸ್ವರ ಕುಸಿಯದೆ ಏನಾಗುತ್ತದೆ? ಒಂಟಿಯಾಗಿದ್ದರೂ ಜೋರಾಗಿಯೇ ಬೈದೆ. ಯಾವ ಕೈಗೇಡಿ ಮಾಡಿದ ಕೆಲಸವಿದು, ಅವನಿಗೆ ಪೇಟಿ ಮುಟ್ಟಲು ಕೊಟ್ಟವರಾರು, ಅವನ ಕೈ ಸೇದಿಹೋಗ... ಇನ್ನೂ ಏನೇನೋ, ಬರೆಯುವಂಥದಲ್ಲ. ಬೈಯುತ್ತಲೇ ಒಂದೊಂದಾಗಿ ಕೆರೆದು ತೆಗೆದೆ. ಚುಕ್ಕಿಗಳನ್ನು ಒಂದು ಕಡ್ಡಿಪೆಟ್ಟಿಗೆಗೆ ಹಾಕಿದೆ. ಯಾವ ಪೇಟಿಯಿಂದ ಏನೇ ತೆಗೆದರೂ ಒಡೆಯನಿಗೆ ತೋರಿಸದೆ ಬಿಸಾಡಬಾರದು ಎಂಬುದು ನನಗೆ ಕೆಲಸ ಕಲಿಸಿದವರು ಹಾಕಿಕೊಟ್ಟ ರೂಢಿ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಸ್ವರ ಕೆರೆದು, ಉಜ್ಜಿ, ಮೊಬೈಲು ಹಸಿರು ದೀಪ ತೋರಿಸುವಂತೆ ಏರಿಸಿಟ್ಟಿದ್ದೆ.

ಆಗ ಹಾಡಬೇಕಿದ್ದ ಶಿಷ್ಯರು ಬಂದರು. ಯಾದಗಿರಿ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮಾಸ್ತರರು, ವಯಸ್ಸು ನಲವತ್ತರ ಆಚೀಚೆ. ಹದಿನಾರು ವರ್ಷ ಗವಾಯಿಗಳ ಮುಂದೆ ಕುಳಿತು ಕಲಿತವರು. ಕೊರಳಿಗೆ ಬಿಸಿಲಿನಲ್ಲೂ ಮಫ್ಲರ್ ಸುತ್ತಿಕೊಂಡಿದ್ದರು. ಬಾಯಿ ತೆಗೆದರೆ ಗಾಳಿಯೇ ಹೆಚ್ಚು, ದನಿ ಕಡಿಮೆ.

"ಪೇಟಿಗೆ ಒಮ್ಮೆ ನಮಸ್ಕಾರ ಮಾಡಿ ಹೋಗಬೇಕಂತ ಬಂದೀನ್ರಿ."

"ಗಂಟಲಿಗೆ ಏನಾಗ್ಯದ್ರಿ ಮಾಸ್ತರ್ರ?"

ಅವರು ಸ್ಟೂಲಿನ ಮೇಲೆ ಕುಳಿತು ನೀರು ಕೇಳಿದರು. "ಒಳಗ ಗಂಟು ಆಗ್ಯಾವಂತ್ರಿ. ಡಾಕ್ಟರ್ ಹೇಳ್ಯಾರ, ಇನ್ನ ಇಷ್ಟು ಎತ್ತರಕ್ಕ ಒದರಿದ್ರ ಹಾಡೂದು ಹೋಗ್ಲಿ, ಮಕ್ಕಳಿಗೆ ಮಗ್ಗಿ ಹೇಳಾಕೂ ದನಿ ಉಳಿಯಂಗಿಲ್ಲ ಅಂತ."

"ಮತ್ತ ಯಾಕ ಹಾಡ್ತೀರಿ?"

"ನಾ ಬಿಟ್ರ ಪೇಟಿಗೆ ಬೀಗ ಬೀಳ್ತದಲ್ರಿ." ನೀರು ಕುಡಿದು ಲೋಟ ಕೆಳಗಿಟ್ಟು ಮತ್ತೆ ಹೇಳಿದರು: "ಒಂದು ಮಾತು ಹೇಳ್ತೀನಿ, ನಗಬ್ಯಾಡ್ರಿ. ಗುರುಗಳ ಮುಂದ ಕುಂತಾಗ ಇದೇ ಕರಿ ಮೂರು ಸರಳ ಹಾಡ್ತಿದ್ದೆ. ಗಂಟಲು ತಾನೇ ಏರ್ತಿತ್ತು. ಅವ್ರು ಹೋದ ಮ್ಯಾಲೆ ಮನ್ಯಾಗ ನಂದೊಂದು ಹೊಸಾ ಪೇಟಿ ಇಟ್ಕೊಂಡು ದಿನಾ ಬೆಳಿಗ್ಗಿ ಕುಂದರ್ತೀನಿ. ಏರವಲ್ದು. ವರ್ಷಾತು. ರಕ್ತ ಬಂದದ, ಆದ್ರೂ ಏರವಲ್ದು. ನಾ ಏನೋ ಪಾಪ ಮಾಡೀನಿ, ಗುರುಗಳು ತಮ್ಮ ಕೃಪಾ ತಿರುಗಿ ತಗೊಂಡಾರ."

ಹೇಳಿ ಮಾಸ್ತರರು ಅತ್ತೇಬಿಟ್ಟರು. ಬಿಚ್ಚಿಟ್ಟ ಪೇಟಿಗೆ ಹಣೆ ಹಚ್ಚಿ ಎದ್ದು ಬಸ್ಸಿಗೆ ಹೋದರು.

ಅವರು ಹೋದ ಮೇಲೆ ನನ್ನ ಕೈ ಅರಕ್ಕೆ ಹೋಗಲಿಲ್ಲ. ಹೊಸ ಪೇಟಿಯಲ್ಲಿ ಏರದ್ದು ಹಳೇ ಪೇಟಿಯಲ್ಲಿ ತಾನೇ ಏರುತ್ತಿತ್ತು. ಕೃಪೆಯ ವಿಷಯ ನನಗೆ ತಿಳಿಯದು, ಪೇಟಿಯ ವಿಷಯ ತಿಳಿಯುತ್ತದೆ. ಇನ್ನೂ ಮುಟ್ಟದ ಮೇಲಿನ ಸಾಲನ್ನು ಕೂಡಿಸಿ, ತಿದಿ ಒತ್ತಿ, ಒಂದೊಂದು ಪಟ್ಟಿಯನ್ನೂ ನೋಡಿದೆ. ಎಲ್ಲವೂ ಎರಡು ಮನೆ ಕೆಳಗೆ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಮುಪ್ಪಿನಿಂದ ಕುಸಿದ ಸ್ವರಗಳು ಹೀಗಿರುವುದಿಲ್ಲ. ಒಂದು ಏರಿ, ಒಂದು ಇಳಿದು, ಪೇಟಿ ಅಪಸ್ವರದ ಸಂತೆಯಾಗಿರುತ್ತದೆ. ಇವು ಒಂದಕ್ಕೊಂದು ಅಚ್ಚುಕಟ್ಟಾಗಿ ಕೂಡಿದ್ದವು. ಭೂತಗನ್ನಡಿ ಹಾಕಿ ಆ ಸಾಲಿನ ಚುಕ್ಕಿಗಳನ್ನು ನೋಡಿದೆ. ಮೊದಲಿನವು ಕಪ್ಪಿಟ್ಟಿದ್ದವು, ನಂತರದವು ಮಬ್ಬು, ಕೊನೆಯವು ಇನ್ನೂ ಹೊಳೆಯುತ್ತಿದ್ದವು. ಒಂದು ದಿನ ಕುಳಿತು ಹಚ್ಚಿದ್ದಲ್ಲ. ವರ್ಷ ವರ್ಷ, ಕೂದಲೆಳೆಯಷ್ಟು ಇಳಿಸುತ್ತಾ ಬಂದಿದ್ದಾರೆ. ಅದೂ ನಮ್ಮ ಕಸುಬಿನವರ ಕೈಯಲ್ಲ. ನಾವು ಹಚ್ಚಿದರೆ ಹೆಂಟೆ ಹೆಂಟೆಯಾಗಿ ಕಾಣುತ್ತದೆ. ಇಷ್ಟು ನುಣುಪಾದ ಬೆಸುಗೆ ಮೂಗುತಿಗೆ ಹರಳು ಕೂಡಿಸುವವರದು.

ಗವಾಯಿಗಳ ಹೆಂಡತಿ ಅಕ್ಕಸಾಲಿಗರ ಮನೆಯ ಮಗಳು ಎಂಬುದು ಸುರಪುರದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು. ನಾನು ಬೈದದ್ದು ಯಾರಿಗೆ ಅಂತ ಆಗ ಹೊಳೆಯಿತು.

ಗುರುವಾರ ಬೆಳಗಿನ ಬಸ್ಸಿಗೆ ಸುರಪುರಕ್ಕೆ ಹೋದೆ. ಆ ತಾಯಿ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎಪ್ಪತ್ತೈದರ ಮೇಲಿನ ವಯಸ್ಸು, ದಪ್ಪ ಗಾಜಿನ ಚಸ್ಮಾ, ಸಣ್ಣ ಮೈ. ನಲವತ್ತು ವರ್ಷ ಗವಾಯಿಗಳ ಹಿಂದೆ ತಂಬೂರಿ ಹಿಡಿದು ಕುಳಿತವರು. ಅಷ್ಟು ಫೋಟೋಗಳಲ್ಲಿ ಅವರ ಮುಖ ಒಂದರಲ್ಲೂ ಸರಿಯಾಗಿ ಬಿದ್ದಿಲ್ಲ. ನಾನು ಕಡ್ಡಿಪೆಟ್ಟಿಗೆ ತೆರೆದು ಅವರ ಮುಂದಿಟ್ಟೆ.

ಮೊರ ನಿಂತಿತು. "ಯಾರಪಾ ತೆಗೆದವ್ರು ಇವನ್ನ?"

"ನಾನೇ ರೀ, ಅವ್ವಾರ."

"ಕೈಗೆ ಏನ್ ಬ್ಯಾನಿ ಬಂದಿತ್ತು ನಿನಗ?"

"ಹೊಸಾದ್ರಂಗ ಮಾಡ್ರಿ ಅಂದ್ರು. ನಾ ತಿಳಿಲಾರದ ಹನ್ನೊಂದು ಸ್ವರ ಏರಿಸೀನಿ. ಹಚ್ಚಿದವರಿಗೆ ಬೈದೂ ಬೈದೀನ್ರಿ."

"ಏನಂತ ಬೈದಿ?"

"ಅದು ಹೇಳಂಗಿಲ್ರಿ."

ಅವರ ಬಾಯಿಯ ಒಂದು ಕೊನೆ ಸ್ವಲ್ಪ ನಕ್ಕಿತು. ಮೊರ ಬದಿಗಿಟ್ಟು ಬಾಗಿಲು ಮುಂದೆ ಮಾಡಿ ಬಂದು ಕುಳಿತರು.

"ಅರವತ್ತು ದಾಟಿದ ಮ್ಯಾಲೆ ಒಂದಿನ ಹಾಡಿ ಬಂದವ್ರು ಬಾಯಿ ಮುಕ್ಕಳಿಸಿದ್ರು. ನೀರು ಕೆಂಪಿತ್ತು. ಸುರ ಇಳಸ್ರಿ ಅಂದೆ. ಸುರ ಇಳಸೂದು ಅಂದ್ರ ಪೇಟಿ ಮುಚ್ಚೂದು ಅಂದ್ರು. ಪೇಟಿ ಮುಚ್ಚಿದ್ರ ಆ ಮನುಷ್ಯ ಆರು ತಿಂಗಳು ಬದುಕಂಗಿಲ್ಲ ಅಂತ ನನಗ ಗೊತ್ತಿತ್ತು. ಏರಿ ಹಾಡಿದ್ರ ದನಿ ಹೋಗ್ತದ, ಇಳಿದ್ರ ಜೀವಾ ಹೋಗ್ತದ. ಏನ್ ಮಾಡ್ಲಿ ಹೇಳು? ಅವ್ರು ಇಳಿಯಂಗಿಲ್ಲ ಅಂದ್ರ ಪೇಟಿನೇ ಇಳಿಲಿ ಅಂದೆ."

"ಕೆಲಸ ಯಾರ ಕಲಿಸಿದ್ರಿ?"

"ಊದುಗೊಳವಿ ಹಿಡಿಯೂದು ನಮ್ಮಪ್ಪ ಕಲಿಸಿದ್ದ. ಪೇಟಿ ಬಿಚ್ಚೂದು ನಿಮ್ಮಂಥವರು ಮನಿಗೆ ಬಂದು ಮಾಡೂದು ನೋಡಿದ್ದೆ. ಸುರ ಅಂತೂ ಕಿವ್ಯಾಗೇ ಇತ್ತು. ಒಮ್ಮೆಲೆ ಇಳಿಸಿದ್ರ ಸಿಗಬೀಳ್ತಿದ್ದೆ. ವರ್ಷಕ್ಕ ಒಂದೊಂದು ನಾಲಗಿಗೆ ಒಂದು ಚುಕ್ಕಿ, ಒಂದೇ."

"ಗವಾಯಿಗಳಿಗೆ ಗೊತ್ತಾಗಲಿಲ್ಲೇನ್ರಿ?"

"ಹುಚ್ಚ ಅದೀ ಏನ್? ಗೊತ್ತಾಗಿದ್ರ ನನ್ನ ತವರಮನಿಗೆ ಅಟ್ಟತಿದ್ರು. ಪೇಟಿ ಬಿಟ್ಟು ಎಲ್ಲೂ ಹೋಗ್ತಿರಲಿಲ್ಲ ಅವ್ರು. ಮದುವಿಗೆ ಹೋದ್ರೂ ಪೇಟಿ, ಮಣ್ಣಿಗೆ ಹೋದ್ರೂ ಪೇಟಿ. ವರ್ಷಕ್ಕ ಒಂದೇ ಸಲ, ಸುಗ್ಗಿ ಮುಂದ, ಹತ್ತಿಕುಣ್ಯಾಗಿನ ಗೆಳೆಯನ ಕಡೆ ಹೋಗ್ತಿದ್ರು. ಅವತ್ತೊಂದಿನ ಕೈ ಬೀಸಿ ಹೋಗ್ತಿದ್ರು. ನಾ ಬುತ್ತಿ ಕಟ್ಟಿ ಕಳಿಸಿ, ಬಸ್ಸು ಹತ್ತಿದ್ರು ಅಂತ ಖಾತ್ರಿ ಮಾಡ್ಕೊಂಡು ಪೇಟಿ ಬಿಚ್ಚತಿದ್ದೆ. ನಡುಮಧ್ಯಾಹ್ನಕ್ಕ ಮುಗಿಸಿ, ಕೈ ತೊಳಕೊಂಡು, ಏನೂ ಅರಿಯದವರ ಹಂಗ ಬಾಗಲದಾಗ ಕುಂದರ್ತಿದ್ದೆ. ಅವ್ರು ದೀಪ ಹಚ್ಚೂ ಹೊತ್ತಿಗೆ ಬರ್ತಿದ್ರು."

ನಾನು ಮಾಸ್ತರರ ವಿಷಯ ಹೇಳಿದೆ. ಗಂಟಲಿನ ಗಂಟು, ರಕ್ತ, ಕೃಪೆ ಹೋಯಿತೆಂದು ಅತ್ತದ್ದು, ಎಲ್ಲ. ಕೇಳುತ್ತಾ ಕೇಳುತ್ತಾ ಅವರ ಮುಖ ಇಳಿಯಿತು.

"ಹುಡುಗ ನನಗೊಂದು ಮಾತು ಹೇಳಬಾರದಾಗಿತ್ತೇನಪಾ? ಒಂದು ವರ್ಷ ನಾ ಮಾಡಿದ್ದಕ್ಕ ಅವ ರಕ್ತ ಉಗುಳ್ಯಾನ." ಚಸ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನೀ ಏರಿಸಿದ್ದನ್ನ ಹೊಳ್ಳಿ ಇಳಸಬೇಕು. ಆದ್ರ ನಿನ್ನ ಕೈಲಿ ಬ್ಯಾಡ. ನಾಳಿಗೆ ನಾನೇ ಬರ್ತೀನಿ. ಮಾಸ್ತರಗ ನಾನೇ ಹೇಳ್ತೀನಿ. ಮಂದಿಗೆ ಮಾತ್ರ ಗೊತ್ತಾಗಬಾರದು. ಅವ್ರು ಆ ಮಾತಿನ ಮ್ಯಾಲೇ ಬದುಕಿದವ್ರು. ಸತ್ತ ಮ್ಯಾಲೆ ನಾ ಅದನ್ನ ಕಸಿಯಂಗಿಲ್ಲ. ಆಣಿ ಮಾಡು."

ಆಣೆ ಮಾಡಿದೆ. ಆಗ ಅದು ಸುಲಭ ಅನ್ನಿಸಿತ್ತು.

ಶುಕ್ರವಾರ ಅವರು ಬಂದರು. ಕೈಚೀಲದಲ್ಲಿ ಅಪ್ಪನ ಕಾಲದ ಊದುಗೊಳವೆ, ಸಣ್ಣ ಚಿಮಟ, ಒಂದು ಗುಂಡಿನಷ್ಟು ತವರ. ಅಂಗಡಿಯ ಬಾಗಿಲು ಅರ್ಧ ಎಳೆದು ಕೆಲಸಕ್ಕೆ ಕುಳಿತೆವು. ವಯಸ್ಸಾದ ಅವರ ಕೈ ಒಂದು ಕಡೆ ನಿಲ್ಲುತ್ತಿರಲಿಲ್ಲ. ಮೊದಲ ಚುಕ್ಕಿ ನಾಲಗೆಯ ನಡುವೆ ಬಿತ್ತು, ಎರಡನೆಯದು ತಗಡಿನ ಮೇಲೆ. ಮೂರನೆಯ ಸಲ ನಾನು ಅವರ ಮಣಿಕಟ್ಟನ್ನು ನನ್ನ ಎರಡೂ ಕೈಯಿಂದ ಹಿಡಿದು ಮೇಜಿಗೆ ಒತ್ತಿ ನಿಲ್ಲಿಸಿದೆ. "ಹಾಂ, ಹಂಗೇ ಹಿಡಿ," ಅಂದು ಊದಿದರು. ಚುಕ್ಕಿ ಕುಳಿತಿತು. ಆಮೇಲೆ ಅದೇ ರೀತಿ: ಚುಕ್ಕಿ ಇಡುವುದು, ಆರಲು ಬಿಡುವುದು, ಸಾಲಿಗೆ ಕೂಡಿಸುವುದು, ನಾನು ಮುಟ್ಟದೆ ಉಳಿಸಿದ್ದ ಮೇಲಿನ ಸಾಲಿನ ಜೊತೆ ಅದೇ ಪಟ್ಟಿ ಒತ್ತಿ ಕೇಳುವುದು. ಎರಡೂ ಸ್ವರ ಕೂಡದಿದ್ದರೆ ದನಿಯಲ್ಲಿ ಒಂದು ಅಲೆ ಏಳುತ್ತದೆ. ಅಲೆ ನಿಂತರೆ ಕೂಡಿತು ಎಂದರ್ಥ. ನಾನು ಮೊಬೈಲು ತೆಗೆದೆ. "ಅದನ್ನ ಒಳಗಿಡು, ಮೊದಲೂ ಅದನ್ನ ನೋಡೇ ಕೆಡಿಸೀದಿ," ಅಂದರು. ಇಟ್ಟೆ. ನನ್ನ ಕಿವಿ ಕೂಡಿತು ಅಂದಾಗಲೆಲ್ಲ ಅವರು "ಇನ್ನ ಜರಾ" ಅಂದರು, ಇನ್ನೊಂದು ಚೂರು ಉಜ್ಜಿಸಿದರು. ಅವರು ಹೇಳಿದ್ದೇ ಸರಿಯಿತ್ತು. ನನ್ನ ಕಿವಿಯ ಬಗ್ಗೆ ನನಗಿದ್ದ ಜಂಬ ಆ ದಿನ ಸಾಕಷ್ಟು ಇಳಿಯಿತು. ಹನ್ನೊಂದು ಸ್ವರಕ್ಕೆ ಎರಡು ದಿನ ಹಿಡಿಯಿತು.

ಶನಿವಾರ ಶಾಲೆ ಬಿಟ್ಟ ಮೇಲೆ ಮಾಸ್ತರರು ಬಂದರು. ಗುರುಪತ್ನಿಯನ್ನು ಅಂಗಡಿಯಲ್ಲಿ ನೋಡಿ ಗಾಬರಿಯಾದರು. ಆ ತಾಯಿ ಪೇಟಿ ಮುಂದಕ್ಕೆ ಸರಿಸಿ, "ಹಾಡು," ಅಂದರು.

"ಅವ್ವಾರ, ಏರಂಗಿಲ್ರಿ."

"ಹಾಡಂದ್ರ ಹಾಡು."

ಅವರು ಕರಿ ಮೂರರ ಮೇಲೆ ಬೆರಳಿಟ್ಟರು, ಕಣ್ಣು ಮುಚ್ಚಿದರು, ನೋವಿಗೆ ತಯಾರಾದವರ ಹಾಗೆ ಭುಜ ಎತ್ತಿದರು. ಷಡ್ಜ ಬಂತು. ಪಂಚಮ ಬಂತು. ಮೇಲಿನ ಷಡ್ಜಕ್ಕೆ ದನಿ ಸಲೀಸಾಗಿ ಹೋಗಿ ನಿಂತಿತು. ಗಂಟಲಿನಲ್ಲಿ ಗರಗಸದಂಥ ಸದ್ದು ಇದ್ದೇ ಇತ್ತು, ಆದರೆ ಒಡೆಯಲಿಲ್ಲ. ಭುಜ ತಾವಾಗಿಯೇ ಇಳಿದವು. ಅವರು ಕಣ್ಣು ಬಿಟ್ಟು ಪೇಟಿಯನ್ನೂ ನಮ್ಮಿಬ್ಬರನ್ನೂ ನೋಡಿದರು. ಆಗ ಆ ತಾಯಿ ಎಲ್ಲವನ್ನೂ ಹೇಳಿದರು.

ಮಾಸ್ತರರಿಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ಅವರಿಗೆ ಸಿಟ್ಟು ಬಂತು. "ಅಂದ್ರ ಗುರುಗಳು ಮಂದಿಗೆ ಸುಳ್ಳು ಹೇಳಿದ್ರೇನ್ರಿ?"

"ಅವ್ರು ಖರೇನೇ ಹೇಳ್ಯಾರ. ಬೆರಳು ಕರಿ ಮೂರರ ಮ್ಯಾಲೇ ಇತ್ತು. ಸುಳ್ಳು ನಂದು. ಅವರಿಗೆ ಗೊತ್ತಿರಲಿಲ್ಲ."

"ನನಗರ ಹೇಳಬಾರದಿತ್ತೇನ್ರಿ ಅವ್ವಾರ? ವರ್ಷ ಪೂರ್ತಿ ನಾ ದಿನಾ ಅತ್ತೀನಿ."

ಆ ತಾಯಿ ಎದ್ದು ಬಂದು ಮಾಸ್ತರರ ಮಫ್ಲರ್ ಬಿಚ್ಚಿ, ಮಡಚಿ, ಅವರ ತೊಡೆಯ ಮೇಲಿಟ್ಟರು. "ನನ್ನ ತಪ್ಪಪಾ," ಅಂದರು. ಮಾಸ್ತರರು ಅವರ ಪಾದಕ್ಕೆ ಬಾಗಿದರು.

ಮಂಗಳವಾರ ಯಾದಗಿರಿಯ ಸಭಾಂಗಣ ಹನ್ನೊಂದು ಗಂಟೆಗೇ ತುಂಬಿತ್ತು. ವೇದಿಕೆಯ ಮೇಲೆ ಪೇಟಿ, ಅದಕ್ಕೆ ಹಾರ. ತಬಲಾದ ಹಿಂದೆ ಗವಾಯಿಗಳಿಗೆ ಕೊನೆಯ ತನಕ ಸಾಥ್ ಕೊಟ್ಟ ಹತ್ತಿಕುಣಿಯ ಮುದುಕರು. ಅವರು ಪೇಟಿಯ ಷಡ್ಜ ಒಂದು ಸಲ ಕೇಳಿ, ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಿ ತಬಲಾ ಕೂಡಿಸಿದರು. ನಿಜವಾದ ಕರಿ ಮೂರಕ್ಕೆ ಕೂಡುವ ತಬಲಾ ಅದಲ್ಲ, ಬಾಯಿ ದೊಡ್ಡದಿತ್ತು. ಬಾಯಿ ದೊಡ್ಡದಾದಷ್ಟೂ ತಬಲಾದ ಸುರ ಕೆಳಗೆ. ಇವರ ಬಳಿ ಇದು ಹೇಗೆ ಎಂದು ಅನುಮಾನ ಬಂತು, ಆದರೆ ಯೋಚಿಸಲು ಪುರಸೊತ್ತಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಸೌಂಡಿನವನು ತನ್ನ ಎಲೆಕ್ಟ್ರಾನಿಕ್ ತಂಬೂರಿ ತಂದಿಟ್ಟ. ಗುಂಡಿ ತಿರುಗಿಸಿ ಕರಿ ಮೂರಕ್ಕೆ ಇಟ್ಟ. ನಿಜವಾದ ಕರಿ ಮೂರಕ್ಕೆ!

ಇದನ್ನು ನಾವು ಮೂವರೂ ಯೋಚಿಸಿರಲಿಲ್ಲ. ಮಾಸ್ತರರು ಪೇಟಿ ಒತ್ತಿದ್ದೇ ತಡ, ಎರಡು ಷಡ್ಜ ಒಂದಕ್ಕೊಂದು ಕಚ್ಚಿಕೊಂಡವು. ಮುಂದಿನ ಸಾಲಿನವರು ಮುಖ ಕಿವಿಚಿದರು. ಸೌಂಡಿನವನು ಮಷೀನನ್ನು ತಟ್ಟಿ ನೋಡಿ, "ಮಷೀನ್ ಬರೋಬ್ಬರಿ ಅದ್ರಿ. ಪೇಟಿನೇ ಕೆಟ್ಟದ," ಅಂದ. ಕಾರ್ಯದರ್ಶಿಗಳು ನನ್ನನ್ನು ಕೈಸನ್ನೆ ಮಾಡಿ ವೇದಿಕೆಗೇ ಕರೆದರು.

"ಏನ್ರಿ ಇದು? ಒಂದು ವಾರ ಇಟ್ಕೊಂಡು ಇದನ್ನೇ ಮಾಡೀರಿ? ಈ ಮಷೀನಿಗೆ ಕೂಡಸ್ರಿ, ಇಲ್ಲಾ ಬ್ಯಾರೆ ಪೇಟಿ ತರಸ್ತೀನಿ."

ಬೇರೆ ಪೇಟಿ ಬಂದರೆ ಮಾಸ್ತರರ ಗಂಟಲು ಮುಗಿಯಿತು. ಅವರು ನನ್ನನ್ನೇ ನೋಡುತ್ತಿದ್ದರು, ಕೈ ಕೊರಳಿಗೆ ಹೋಗಿತ್ತು. ಆ ತಾಯಿ ಮೊದಲ ಸಾಲಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕುಳಿತಿದ್ದರು. ಒಂದೇ ಒಂದು ಮಾತಿನಲ್ಲಿ ನನ್ನ ಹೆಸರು ಉಳಿಯುತ್ತಿತ್ತು. ಪೇಟಿ ಕೆಟ್ಟಿಲ್ಲ ಸ್ವಾಮಿ, ನಿಮ್ಮ ಗವಾಯಿಗಳು ಹಾಡಿದ್ದೇ ಇಲ್ಲಿ ಅಂದರೆ ಸಾಕಿತ್ತು. ಆ ಮಾತು ತುಟಿಯ ತನಕ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಇಡೀ ಜಿಲ್ಲೆಯ ಹಾಡುಗಾರರು ಎದುರಿಗಿದ್ದರು. ಅವರೆಲ್ಲರ ಪೇಟಿಗಳು ನನ್ನ ಅಂಗಡಿಗೆ ಬರುವಂಥವು.

"ನನ್ನ ಕೈಲಿ ಪೂರಾ ಕೂಡಸಾಕ ಆಗಲಿಲ್ರಿ," ಅಂದೆ. "ಹಳೇ ಪೇಟಿ, ನನಗ ಬಗ್ಗಲಿಲ್ಲ. ತಪ್ಪು ನಂದೇ. ಆದ್ರ ಗವಾಯಿಗಳ ಪೇಟಿ ಮ್ಯಾಲೇ ಹಾಡಬೇಕಂತ ಪದ್ಧತಿ ಅದ, ಬ್ಯಾರೆದ್ದು ನಡಿಯಂಗಿಲ್ಲ. ಮಷೀನ್ ಬಂದ್ ಮಾಡಸ್ರಿ. ಅವ್ವಾರು ತಂಬೂರಿ ಹಿಡೀತಾರ."

ಮೈಕು ಚಾಲೂ ಇದ್ದದ್ದು ನನಗೆ ಗೊತ್ತಿರಲಿಲ್ಲ. ನನ್ನ ಮಾತು ಕೊನೇ ಸಾಲಿನ ತನಕ ಕೇಳಿಸಿತು. ಯಾರೋ ನಕ್ಕರು. ಇನ್ಯಾರೋ, "ಶಹಾಪುರದಾಂವ ಅಂತ, ಕೊಡಬ್ಯಾಡ್ರಿ ಅವನ ಕಡೆ," ಅಂದದ್ದೂ ಕೇಳಿಸಿತು. ಕಿವಿ ಕಾದ ಹೆಂಚಾದವು. ಇಳಿದು ಬಂದು ಗೋಡೆಗೆ ಒರಗಿ ನಿಂತೆ.

ಆ ತಾಯಿ ಎದ್ದು ವೇದಿಕೆಗೆ ಹೋದರು. ಮನೆಯಿಂದ ತಂದು ಮೂಲೆಯಲ್ಲಿ ಅಲಂಕಾರಕ್ಕೆಂದು ನಿಲ್ಲಿಸಿದ್ದ ತಂಬೂರಿ ತೆಗೆದುಕೊಂಡು, ಪೇಟಿಗೆ ಕೂಡಿಸಿ, ನಲವತ್ತು ವರ್ಷ ಕುಳಿತ ಜಾಗದಲ್ಲೇ ಕುಳಿತರು. ಮಾಸ್ತರರು ಹಾಡಿದರು. ಗವಾಯಿಗಳ ದನಿ ಅದಾಗಿರಲಿಲ್ಲ, ಗಂಟು ಬಿದ್ದ ಗಂಟಲಿನ ಒರಟು ದನಿ. ಆದರೆ ಪದ ಪೂರ್ತಿಯಾಯಿತು. ಎಲ್ಲೂ ಒಡೆಯಲಿಲ್ಲ. ಸಭೆ ಎದ್ದು ನಿಂತಿತು. 'ಕರಿ ಮೂರು, ಕರಿ ಮೂರು' ಎಂದು ಜನ ಕೂಗಿದರು. ಕಾರ್ಯದರ್ಶಿಗಳು ಪೇಟಿಯನ್ನು ಮಾಸ್ತರರ ಕೈಗಿತ್ತು ಫೋಟೋ ತೆಗೆಸಿಕೊಂಡರು.

ಊಟವಾದ ಮೇಲೆ ಸಭಾಂಗಣದ ಹಿಂದಿನ ಕಟ್ಟೆಯಲ್ಲಿ ನಾನು ಮತ್ತು ಆ ತಾಯಿ ಚಹಾ ಕುಡಿಯುತ್ತಾ ಕುಳಿತಿದ್ದೆವು. ತಬಲಾದ ಮುದುಕರು ಬಂದು ನನ್ನ ಬೆನ್ನಿಗೆ ಒಂದು ಹಾಕಿದರು.

"ಶಾಭಾಸ್. ಪೇಟಿ ಬರೋಬ್ಬರಿ ಇಟ್ಟೀರಿ. ಯಾರರ ಶಾಣ್ಯಾ ಕೈ ಹಾಕಿ ಮ್ಯಾಲೇರಿಸಿರ್ತಾನ ಅಂತ ನನಗ ದಿಗಿಲಿತ್ತು."

ಆ ತಾಯಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ನಿನಗೇನ್ ಗೊತ್ತದ?"

"ನನಗ ಗೊತ್ತಿರಲಾರದ ಏನ್ರಿ ಅಕ್ಕಾರ? ಸುರ ಇಳಿದ್ರ ಮೊದಲ ಗೊತ್ತಾಗೂದು ತಬಲಾಕ್ಕ. ಗವಾಯಿಗ್ಳೇ ಹೇಳಿದ್ರು, 'ಬಾಯಿ ದೊಡ್ಡದಿರೂ ತಬಲಾ ಒಂದು ಮಾಡಿಸಿಡು, ಮುಂದ ಬೇಕಾಗ್ತದ. ನಮ್ಮ ಮನ್ಯಾಗ ಮಾತ್ರ ಹೇಳಬ್ಯಾಡ' ಅಂತ."

"ಯಾವಾಗ?"

"ನೀವು ಮೊದಲ ಚುಕ್ಕಿ ಹಚ್ಚಿದ ವರ್ಷಾನೇ ರೀ."

ಆ ತಾಯಿ ಲೋಟವನ್ನು ಕಟ್ಟೆಯ ಮೇಲಿಟ್ಟರು. ಮುದುಕರು ತಮ್ಮ ಪಾಡಿಗೆ ತಾವು ನಗುತ್ತಾ ಮುಂದುವರಿಸಿದರು.

"ವರ್ಷಕ್ಕೊಮ್ಮೆ ನಮ್ಮ ಹತ್ತಿಕುಣಿಗೆ ಬರ್ತಿದ್ರಲ್ರಿ. ಕೆಲಸ ಏನೂ ಇರ್ತಿರಲಿಲ್ಲ. ಕೆರಿ ಒಡ್ಡಿನ ಮ್ಯಾಗ ಸುಮ್ಮ ಕುಂದರ್ತಿದ್ರು. ನೀವು ಕಟ್ಟಿದ ಬುತ್ತಿ ಇಬ್ರೂ ಉಣ್ತಿದ್ವಿ. ಬಸ್ಸಿನ ಹೊತ್ತಾತು, ಹೋಗೂದಿಲ್ಲೇನ್ರಿ ಅಂದ್ರ, 'ತಡಿಯೋ, ಆಕಿ ಕೆಲಸ ಇನ್ನ ಮುಗಿದಿರಂಗಿಲ್ಲ. ನಡುವ ಹೋದ್ರ ಪಾಪ ಗಾಬರಿ ಆಗ್ತಾಳ' ಅಂತಿದ್ರು."

ಸಂಜೆ ಜೀಪಿನಲ್ಲಿ ಹಿಂದಿರುಗುವಾಗ ಆ ತಾಯಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಭೀಮಾ ಸೇತುವೆ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ನಿನ್ನ ಆಣಿ ಬಿಟ್ಟೀನಪಾ. ಎಲ್ಲಾರಿಗೂ ಹೇಳು, ಬೇಕಾದ್ರ ಬರದು ಹಾಕು. ನೀ ಯಾಕ ಕೆಟ್ಟವ ಆಗ್ಬೇಕು? ಯಾರಿಗೆ ಗೊತ್ತಾಗಬಾರದಂತ ಇಷ್ಟು ವರ್ಷ ಮುಚ್ಚಿಟ್ಟೆ, ಅವರಿಗೇ ಗೊತ್ತಿತ್ತು."

ಹಾಗೆಂದು ಅವರು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು. ಹೊಲಗಳಲ್ಲಿ ಹತ್ತಿ ಬಿಡಿಸುವವರು ಗಂಟು ಹೊತ್ತು ಮನೆಗೆ ಹೊರಟಿದ್ದರು. ಶಹಾಪುರದ ಗುಡ್ಡ ಕಾಣಿಸುವ ಹೊತ್ತಿಗೆ ಅವರು ಮತ್ತೆ ಮಾತಾಡಿದರು. ನನಗೆ ಹೇಳಿದ್ದಲ್ಲ ಅದು.

"ಆ ಒಡ್ಡಿನ ಮ್ಯಾಗ ಒಂದು ಗಿಡ ಸೈತ ಇಲ್ಲ. ಸುಗ್ಗಿ ಬಿಸಲಾಗ ಸಂಜಿ ತನಕ ಕುಂತಿರ್ತಿದ್ರೇನು? ನನ್ನ ಕೆಲಸ ಮಧ್ಯಾಹ್ನಕ್ಕೇ ಮುಗಿತಿತ್ತಲ್ಲ."